ಮೂವತ್ತು ದಿನದ ಗರಗಸ

ಬಡಿಗತನಕ್ಕೆ ಹೊಸದಾಗಿ ಇಳಿಯುವ ಹುಡುಗರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: ಚಾಚಾ, ಯಾವ ಮಷೀನು ತಗೊಳ್ಳಲಿ? ಗೋಡೆಯ ಬಗ್ಗೆ ಯಾರೂ ಕೇಳುವುದಿಲ್ಲ. ವಿಜಯಪುರ, ಟಿಕೋಟಾ, ಬಬಲೇಶ್ವರದ ಕಡೆ ನಲವತ್ತು ವರ್ಷಕ್ಕೂ ಮಿಕ್ಕಿ ಬಾಗಿಲು, ಕಿಟಕಿ, ಮಂಚ, ಕಪಾಟು ಮಾಡಿದವನು ನಾನು. ಅಷ್ಟು ವರ್ಷದಲ್ಲಿ ಗುಣ್ಯಾಕ್ಕೆ ಸರಿಯಾಗಿ ನಿಂತ ಗೋಡೆ ನೋಡಿದ್ದು ಒಂದೇ ಒಂದು ಮನೆಯಲ್ಲಿ. ಅದನ್ನೂ ನಾನೇ ಕೆಡವಿಸಿದೆ.

ಗುಣ್ಯಾ ಎಂದರೆ ಮೂಲೆ ಅಳೆಯುವ ಕಬ್ಬಿಣದ ಮಟ್ಟ. ಎರಡು ಗೋಡೆ ಕೂಡುವಲ್ಲಿ ಹಿಡಿದರೆ ಮೂಲೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಮುಖದ ಮೇಲೆ ಹೇಳಿಬಿಡುತ್ತದೆ. ಬಡಿಗ ಮಾತ್ರ ಹಾಗೆ ಹೇಳಬಾರದು. ಇದನ್ನು ನಾನು ಕಲಿತದ್ದು ಟಿಕೋಟಾದಲ್ಲಿ, ಕೆಲಸಕ್ಕೆ ಸೇರಿದ ಮೊದಲ ವರ್ಷ.

ನಮ್ಮ ಉಸ್ತಾದರು ಕಾಳಪ್ಪ ಬಡಿಗೇರರು. ಅವರ ಮಗ ಮೌನೇಶಪ್ಪ ನನ್ನ ಓರಗೆಯವನು. ಇಬ್ಬರೂ ಒಂದೇ ದಿನ ಕಟ್ಟಿಗೆ ಹೆರೆಯುವ ರಂಧಾ ಹಿಡಿದವರು. ಟಿಕೋಟಾದ ಹಿರಿಯರೊಬ್ಬರ ಮನೆಗೆ ಬಾಗಿಲ ಚೌಕಟ್ಟು ಕೂಡಿಸಲು ಹೋಗಿದ್ದೆವು. ಚೌಕಟ್ಟು ನಿಲ್ಲಿಸಿದರೆ ಒಂದು ಪಕ್ಕಕ್ಕೆ ಬೆರಳು ತೂರುವಷ್ಟು ಸಂದು. ನಾನು ಜಾಣತನ ತೋರಿಸಲು ಹೋಗಿ, "ಕಾಕಾ, ನಿಮ್ಮ ಗೋಡಿ ಸೊಟ್ಟ ಐತ್ರಿ" ಎಂದೆ.

ಆ ಹಿರಿಯರು ತಿನ್ನುತ್ತಿದ್ದ ಎಲೆ ಅಡಿಕೆ ಉಗಿದು ಬಂದರು. "ಯಾರಿಗೆ ಸೊಟ್ಟ ಅಂತಿ? ನಮ್ಮಪ್ಪ ಕಟ್ಟಿಸಿದ ಗೋಡಿ ಅದು. ನಿಮ್ಮ ಚೌಕಟ್ಟ ಎತ್ತಿಕೊಂಡು ನಡೀರಿ ಹೊರಗ!"

ಉಸ್ತಾದರು ಅರ್ಧ ತಾಸು ಕೈ ಮುಗಿದರು. ಆಮೇಲೆ ಒಂದು ತೆಳುವಾದ ಬೆಣೆ ಕೆತ್ತಿ ಆ ಸಂದಿಗೆ ಬಡಿದು, ಮೇಲೊಂದು ಪಟ್ಟಿ ಹೊಡೆದು, ಬಣ್ಣ ಬಳಿದರು. ಹಿರಿಯರು ನೋಡಿ, "ಈಗ ಹ್ಯಾಂಗ ಸರಿ ಆತು?" ಎಂದು ಕೇಳಿದರು. "ಚೌಕಟ್ಟ ಸೊಟ್ಟ ಇತ್ತ್ರಿ, ನಮ್ಮ ಹುಡುಗಗ ತಿಳಿಲಿಲ್ಲ" ಅಂದರು ಉಸ್ತಾದರು. ಬಸ್ಸಿನಲ್ಲಿ ಬರುವಾಗ ನನ್ನ ಕಿವಿ ಹಿಂಡಿ ಹೇಳಿದ ಮಾತು ಇದು: "ಬೆಣಿ ಬಡಿ, ಬಾಯಿ ಮುಚ್ಚು." ನಮ್ಮ ಕಸುಬಿನ ಅರ್ಧ ವಿದ್ಯೆ ಇದರಲ್ಲೇ ಇದೆ. ಮನೆಯೊಡೆಯನ ಮಾನ, ಗೋಡೆ ಕಟ್ಟಿದ ಗೌಂಡಿಯ ಹೊಟ್ಟೆಪಾಡು, ನಮ್ಮ ಕೂಲಿ, ಮೂರೂ ಆ ಬೆಣೆಯ ಮೇಲೆ ನಿಂತಿರುತ್ತವೆ.

ಉಳಿದ ಅರ್ಧ ವಿದ್ಯೆ ಅಂಗೈಯಲ್ಲಿ. ಹಳೆಯ ಕಟ್ಟಿಗೆಯಲ್ಲಿ ಯಾವ ಕಾಲದಲ್ಲೋ ಮುರಿದು ಉಳಿದ ಮೊಳೆಗಳಿರುತ್ತವೆ. ಮೇಲೆ ಬಣ್ಣ, ಒಳಗೆ ಕಬ್ಬಿಣ. ನೋಡದೆ ಗರಗಸ ಹಾಕಿದರೆ ಹಲ್ಲು ಹೋಗುತ್ತದೆ. ಅದಕ್ಕೆ ಕೊಯ್ಯುವ ಮೊದಲು ಅಂಗೈ ಆಡಿಸಬೇಕು. ಈ ವಿದ್ಯೆಯಲ್ಲಿ ಮೌನೇಶಪ್ಪನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಕಣ್ಣು ಮುಚ್ಚಿ ಕೈ ಆಡಿಸಿ, "ಇಲ್ಲೊಂದು, ಇಲ್ಲೊಂದು" ಎಂದು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ಅವನ ಕೈಯಲ್ಲಿ ಮೊಳೆಗೆ ಗರಗಸ ತಾಗಿದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಉಸ್ತಾದರು ತೀರಿದ ಮೇಲೆ ಅವರ ಬಡಿಗತನದ ಶೆಡ್ಡು ನಮ್ಮಿಬ್ಬರದಾಯಿತು. ಕಾಲ ಬದಲಾಯಿತು. ಸಾಗವಾನಿಯ ಜಾಗಕ್ಕೆ ಪ್ಲೈವುಡ್ ಬಂತು, ಸರೇಸಿನ ಜಾಗಕ್ಕೆ ಡಬ್ಬಿ ಅಂಟು ಬಂತು, ಕಾರ್ಖಾನೆಯ ಬಾಗಿಲುಗಳು ಪ್ಲಾಸ್ಟಿಕ್ ಸುತ್ತಿಕೊಂಡು ಲಾರಿಯಲ್ಲಿ ಬಂದಿಳಿದವು. ನಾವು ಮಾತ್ರ ಕೈಗರಗಸ ಬಿಡಲಿಲ್ಲ. ಬಿಡದಿದ್ದಕ್ಕೆ ಹೆಮ್ಮೆಯೂ ಇತ್ತು. ಆ ಹೆಮ್ಮೆಗೆ ನನ್ನ ಬಲಗೈ ಒಪ್ಪಲಿಲ್ಲ.

ಮೊದಲು ಗೊತ್ತಾದದ್ದು ನನ್ನ ಹೆಂಡತಿ ಜೈತುನ್‌ಗೆ. ಒಂದು ಬೆಳಿಗ್ಗೆ ಚಹಾ ಕೊಟ್ಟಳು. ನಾನು ಎತ್ತಿಕೊಂಡೆ, ಕಪ್ಪು ಬಸಿಗೆ ಬಡಿದು ಟಕಟಕ ಸದ್ದು ಮಾಡಿತು. ಮನೆಯಲ್ಲಿ ನಮ್ಮದು ಉರ್ದು. ಅವಳು ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. "ಯಾರೋ ಬಾಗಿಲ ಬಡ್ಯಾಕತ್ತಾರ ಅಂತ ನಾ ಎದ್ದು ಹೊಂಟಿದ್ದೆ."

ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ನಗಲಿಲ್ಲ. ಡಾಕ್ಟರು, ವಯಸ್ಸಿಗೆ ಬರುವ ನಡುಕ, ನಿಲ್ಲುವುದಿಲ್ಲ, ಗುಳಿಗೆ ತಗೊಂಡರೆ ಸ್ವಲ್ಪ ತಡೆಯುತ್ತದೆ ಅಂದರು. ಶೆಡ್ಡಿನಲ್ಲಿ ನಾನು ಈ ಸುದ್ದಿ ಹೇಳಲಿಲ್ಲ. ಗೆರೆಯ ಮೇಲೆ ಗರಗಸ ನಿಲ್ಲದ ಬಡಿಗನಿಗೆ ಶೆಡ್ಡಿನಲ್ಲಿ ಏನು ಕೆಲಸ? ಮನೆಯಲ್ಲಿ ಕೂತು ತಸ್ಬಿಯ ಮಣಿ ಎಣಿಸಬೇಕು. ತಸ್ಬಿ ಎಣಿಸಲೂ ಕೈ ಗಟ್ಟಿ ಇರಬೇಕು ಅನ್ನುವುದು ಬೇರೆ ಮಾತು. ನಾನು ಹೆದರಿದ್ದೆ. ಅದನ್ನು ಈಗ ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ, ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಹಾಗಾಗಿ ಮಷೀನಿನ ಮಾತು ತೆಗೆದವನು ನಾನೇ. ಅದಕ್ಕೆ ಮೈಟರ್ ಸಾ ಅನ್ನುತ್ತಾರೆ. ಮೇಜಿನಂಥ ತಟ್ಟೆಯ ಮೇಲೆ ದುಂಡನೆಯ ಬ್ಲೇಡು. ತಟ್ಟೆ ತಿರುಗಿಸಿ ಬೇಕಾದ ಕೋನಕ್ಕೆ ತಂದು, ಹಿಡಿಕೆ ಬಿಗಿದು, ಮೇಲಿನಿಂದ ಬ್ಲೇಡು ಇಳಿಸಿದರೆ ಬೆಣ್ಣೆ ಕೊಯ್ದಂತೆ ಕೊಯ್ಯುತ್ತದೆ. ಕೊಯ್ಯುವ ಜಾಗದಲ್ಲಿ ಕೆಂಪು ಬೆಳಕಿನ ಗೆರೆ ಬೀಳುತ್ತದೆ. ಕೈ ನಡುಗಿದರೂ ಗೆರೆ ನಡುಗುವುದಿಲ್ಲ. ನನಗೆ ಬೇಕಾದದ್ದು ಅಷ್ಟೇ.

ನಾವು ನೋಡಿದ್ದು ಪರದೇಶದ್ದು, ಒಂದು ಒಳ್ಳೆಯ ಮೋಟಾರ್ ಸೈಕಲ್ಲಿನ ಬೆಲೆಯದು. ಸ್ಟೇಷನ್ ಕಡೆಯ ಅಂಗಡಿಯ ಹುಡುಗ ಬಾಯಿತುಂಬ ಮಾತಾಡಿದ. "ಚಾಚಾ, ಮೂವತ್ತು ದಿನ ಇಟ್ಕೊಂಡು ನೋಡ್ರಿ. ಮನಸಿಗೆ ಬರಲಿಲ್ಲಂದ್ರ ವಾಪಸ್ ತರ್ರಿ, ಯಾಕಂತ ನಾ ಕೇಳಂಗಿಲ್ಲ. ಆದ್ರ ಬ್ಲೇಡಿಗೆ ಎಂಬತ್ತು ಹಲ್ಲ ಅದಾವ. ಎಂಬತ್ತೂ ಇರಬೇಕು. ಒಂದು ಮುರೀತಂದ್ರ ಮಷೀನ್ ನಿಮ್ದು."

ಮೌನೇಶಪ್ಪ ಹೊರಗೆ ಬಂದು ಅಂದ: "ಎಂಬತ್ತ ಹಲ್ಲಿನ ಸೊಸಿನ ತರಾಕತ್ತಿ ನೋಡಪಾ. ಮೂವತ್ತು ದಿನ ನೋಡೂಣು. ಉಪಯೋಗ ಐತಿ ಅಂತ ನನಗ ಅನಸಲಿಲ್ಲಂದ್ರ ತವರಿಗೆ ಕಳಿಸೂದ."

ಅಂದಿನಿಂದ ಪ್ರತಿ ಸಂಜೆ ಅವನು ಬ್ಲೇಡಿನ ಹಲ್ಲು ಎಣಿಸುತ್ತಿದ್ದ. ಕನ್ನಡಕ ಏರಿಸಿ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಅಲ್ಲಿಂದ ಸುತ್ತು ಬಂದು, "ಎಂಬತ್ತ" ಎಂದು ಗೋಡೆಗೆ ಬರೆಯುತ್ತಿದ್ದ. ಮಷೀನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದರ ಜೊತೆ ಬಂದ ಕಣ್ಣಿನ ರಕ್ಷಣೆಯ ದೊಡ್ಡ ಕನ್ನಡಕ ನೋಡಿ, "ಇದನ್ನ ಹಾಕ್ಕೊಂಡ್ರ ಎತ್ತ ಸೈತ ಬೆದರತಾವ" ಎಂದು ಮೊಳೆಗೆ ನೇತುಹಾಕಿದ.

ಮೊದಲ ಕೆಲಸ ಸಿಕ್ಕಿದ್ದು ಹೊನವಾಡದಲ್ಲಿ, ದ್ರಾಕ್ಷಿ ಬೆಳೆಯುವ ಸಿದ್ರಾಯಗೌಡರ ಹೊಸ ಮನೆ. ವಿಜಯಪುರದ ಯಾವುದೋ ಹೋಟೆಲಿನಲ್ಲಿ ಛತ್ತಿನ ಕೆಳಗೆ ಗೋಡೆಯುದ್ದಕ್ಕೂ ಸಾಗವಾನಿ ಪಟ್ಟಿ ಹೊಡೆದದ್ದನ್ನು ಗೌಡರು ನೋಡಿದ್ದರು. ತಮ್ಮ ಹಾಲಿಗೂ ಹಾಗೇ ಆಗಬೇಕು. ಇಂಥ ಪಟ್ಟಿಗಳ ತುದಿಯನ್ನು ನಲವತ್ತೈದು ಡಿಗ್ರಿಗೆ ಓರೆಯಾಗಿ ಕೊಯ್ದು ಮೂಲೆಯಲ್ಲಿ ಕೂಡಿಸಬೇಕು. ಮೈಟರ್ ಸಾ ಹುಟ್ಟಿದ್ದೇ ಇದಕ್ಕೆ.

ಹಾಲಿನ ನಡುವೆ ಮಷೀನು ಇಟ್ಟೆವು. ಕೆಂಪು ಗೆರೆ ನೋಡಲು ಓಣಿಯ ಅರ್ಧ ಜನ ಸೇರಿದರು. ನಾನು ತಟ್ಟೆ ತಿರುಗಿಸಿ, ಹಿಡಿಕೆ ಬಿಗಿದು, ಎಲ್ಲ ಪಟ್ಟಿಗಳನ್ನೂ ಕೊಯ್ದೆ. ಕೊಯ್ದ ತುದಿ ಕನ್ನಡಿಯ ಹಾಗಿತ್ತು. ಏಣಿ ಹತ್ತಿ ಮೊದಲ ಮೂಲೆಗೆ ಎರಡು ಪಟ್ಟಿ ಹಿಡಿದರೆ ನಡುವೆ ಒಂದು ನೂಲಿನಷ್ಟು ಸಂದು. ನೂಲು ಅಂದರೆ ಅಂಗುಲದ ಎಂಟನೇ ಒಂದು ಭಾಗ. ಉಸ್ತಾದರ ಕಾಲವಾಗಿದ್ದರೆ ಜೇಬಿಗೆ ಕೈ ಹಾಕಿ ಬೆಣೆ ತೆಗೆಯುತ್ತಿದ್ದೆ. ಆದರೆ ಗೌಡರು ಏಣಿಯ ಬುಡದಲ್ಲೇ ಕತ್ತು ಎತ್ತಿ ನಿಂತಿದ್ದರು.

"ಮಕ್ತುಂಸಾಬ್ರ, ಸಂದ ಬಿಟ್ಟೈತಲ್ಲ. ತಪ್ಪು ಮಷೀನಿಂದೋ, ಗೋಡಿದೋ?"

ಮಷೀನಿನದು ಅಂದರೆ ಮೌನೇಶಪ್ಪ ಅದೇ ಸಂಜೆ ಅದನ್ನು ಡಬ್ಬಿಗೆ ತುಂಬುತ್ತಾನೆ. ಮಷೀನು ಹೋದರೆ ಅದರ ಹಿಂದೆ ನಾನೂ ಹೋಗಬೇಕು. ಹಾಗಾಗಿ ನಲವತ್ತು ವರ್ಷ ಮುಚ್ಚಿದ್ದ ಬಾಯಿ ತೆರೆದೆ. "ಮಷೀನ್ ತಪ್ಪಂಗಿಲ್ರಿ ಗೌಡ್ರ. ಗೋಡಿ ಸ್ವಲ್ಪ ಸೊಟ್ಟ."

ಟಿಕೋಟಾದ ಹಿರಿಯರಂತೆ ಇವರೂ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಗೌಡರಿಗೆ ಸಿಟ್ಟು ಬರಲಿಲ್ಲ, ಉತ್ಸಾಹ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. "ಹಂಗಾರ ಗೋಡಿ ಕೆಡವೂದ!" ಎಂದರು. ನಾನು ಬೇಡವೆಂದೆ, ಒಂದು ಸಣ್ಣ ಬೆಣೆ ಸಾಕು ಅಂದೆ. ಕೇಳಲಿಲ್ಲ. "ಪರದೇಶದ ಮಷೀನ್ ಹೇಳಾಕತ್ತೈತಿ, ನಾವು ಕೇಳಬಾರದಂದ್ರ ಹ್ಯಾಂಗ?" ಮಧ್ಯಾಹ್ನದೊಳಗೆ ಹಾಲಿಗೂ ಅಡುಗೆಮನೆಗೂ ನಡುವಿದ್ದ ಗೋಡೆ ನೆಲಕ್ಕೆ ಬಿತ್ತು. ಹಾಲಿನಲ್ಲಿ ಕೂತವರಿಗೆಲ್ಲ ಗೌಡತಿಯವರು ರೊಟ್ಟಿ ಬಡಿಯುವುದು ಕಾಣತೊಡಗಿತು. "ಎಂಥಾ ಮಷೀನ್ ತಂದ್ರಿ ಯಪ್ಪಾ, ನನ್ನ ಅಡಗಿ ಮನಿ ಬಸ್ ಸ್ಟ್ಯಾಂಡ್ ಮಾಡಿದ್ರಿ" ಎಂದು ಅವರು ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡರು.

ಗೋಡೆ ಕಟ್ಟಿದ ಗೌಂಡಿ ಯಮನಪ್ಪನನ್ನು ಕರೆಸಿ ಎಲ್ಲರ ಮುಂದೆ ಬೈದರು. ಅವನು ತಲೆ ತಗ್ಗಿಸಿ ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನಂತೆ ನಾನು ಅವನ ಮುಖ ನೋಡದೆ ಪಟ್ಟಿಗಳನ್ನು ಎಣಿಸುತ್ತ ನಿಂತೆ.

ಊಟದ ಹೊತ್ತಿಗೆ ಎಲ್ಲರೂ ಆಚೆ ಹೋದಾಗ ಮೌನೇಶಪ್ಪ ಉಳಿದ ಮೂಲೆಗಳಿಗೆ ಪಟ್ಟಿ ಹಿಡಿದು ನೋಡಿದ. ಅಲ್ಲೂ ಒಂದು ನೂಲು. ಇಲ್ಲೂ ಒಂದು ನೂಲು. ಹುಡುಗರೇ, ಇದನ್ನು ಬರೆದಿಟ್ಟುಕೊಳ್ಳಿ: ಗೌಂಡಿ ತಪ್ಪು ಮಾಡಿದರೆ ಒಂದೊಂದು ಮೂಲೆಗೆ ಒಂದೊಂದು ನಮೂನೆ ಮಾಡುತ್ತಾನೆ. ಎಲ್ಲ ಮೂಲೆಗೂ ಒಂದೇ ತಪ್ಪು ಇದ್ದರೆ ಆ ತಪ್ಪು ಮೂಲೆಯದಲ್ಲ. ಮೌನೇಶಪ್ಪ ಚೀಲದಿಂದ ಅಪ್ಪನ ಹಳೆಯ ಗುಣ್ಯಾ ತೆಗೆದು ಆ ಮೂಲೆಗಳಿಗೆ ಹಿಡಿದ. ಕೂದಲಿನಷ್ಟೂ ಬೆಳಕು ನುಸುಳಲಿಲ್ಲ. ಆಮೇಲೆ ಮಷೀನಿನ ಹತ್ತಿರ ಬಂದು ಬಗ್ಗಿದ. ಮುಳ್ಳು ನಲವತ್ತೈದರ ಮೇಲೆ ಇರಲಿಲ್ಲ, ಒಂದು ಡಿಗ್ರಿ ಈಚೆಗೆ ಸರಿದಿತ್ತು. ಹಿಡಿಕೆ ಸಡಿಲವಿತ್ತು. ಬಿಗಿದಿದ್ದೇನೆ ಅಂದುಕೊಂಡಿದ್ದೆ, ನಡುಗುವ ಕೈಗೆ ಬಿಗಿದದ್ದು ಯಾವುದು, ಬಿಗಿಯದ್ದು ಯಾವುದು ಗೊತ್ತಾಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಂದದ್ದಷ್ಟೇ ಅಲ್ಲ, ನೆಲವನ್ನೇ ಅಗೆಸಿಬಿಟ್ಟಿದ್ದೆ.

ಮೌನೇಶಪ್ಪ ಮುಳ್ಳನ್ನು ಸರಿಯಾದ ಜಾಗಕ್ಕೆ ತಂದು ಹಿಡಿಕೆ ಬಿಗಿದ. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿದ. ಗುಣ್ಯಾ ಒರೆಸಿ ಚೀಲಕ್ಕೆ ಹಾಕಿ, "ಜ್ವಾಳದ ರೊಟ್ಟಿ ಆರಾಕತ್ತಾವ, ಊಟಕ್ಕ ಬಾ" ಎಂದಷ್ಟೇ ಅಂದ.

ಯಮನಪ್ಪ ಎಂಟು ದಿನದಲ್ಲಿ ಹೊಸ ಗೋಡೆ ಎಬ್ಬಿಸಿದ. ನಾವು ಪಟ್ಟಿಗಳ ತುದಿ ಮತ್ತೆ ಕೊಯ್ದು ಕೂಡಿಸಿದೆವು, ಉಗುರೂ ಹೋಗದಂತೆ ಕೂತವು. ಮರುದಿನ ಬಸ್ ಹತ್ತಿ ಯಮನಪ್ಪನ ಮನೆಗೆ ಹೋಗಿ ತಪ್ಪು ನನ್ನದು ಎಂದು ಹೇಳಿಬಿಟ್ಟೆ. ಅವನು ನಕ್ಕ. "ನನಗ ಗೊತ್ತಿತ್ತ್ರಿ. ಮೊದಲಿನ ಗೋಡಿ ಬುಡದ ಗೆರಿ ಮ್ಯಾಲೇ ಹೊಸದೂ ಕಟ್ಟೇನಿ. ಒಂದು ನೂಲೂ ಸರಿಸಿಲ್ಲ. ಆದ್ರ ಮಷೀನ್ ಮುಂದ ಗೌಂಡಿ ಮಾತ ಯಾರ ಕೇಳತಾರ್ರಿ?" ಅವನ ಮನೆಗೆ ಮುಂಬಾಗಿಲು ಇರಲಿಲ್ಲ, ತಗಡು ಆನಿಸಿದ್ದ. ನಾವಿಬ್ಬರೂ ಸೇರಿ ಒಂದು ಬಾಗಿಲು ಮಾಡಿಕೊಟ್ಟೆವು. ಅದು ಯಾಕೆಂದು ಮೌನೇಶಪ್ಪ ಕೇಳಲಿಲ್ಲ.

ತಪ್ಪು ಒಪ್ಪಿಕೊಂಡ ದಿನವೇ ಅಲ್ಲಿಂದ ಗೌಡರ ಮನೆಗೂ ಹೋದೆ, ಎಲ್ಲರ ಮುಂದೆ ಬೈಸಿಕೊಂಡವನ ಹೆಸರನ್ನು ಎಲ್ಲರ ಮುಂದೆಯೇ ತೊಳೆಯಬೇಕೆಂದು. "ಗೌಡ್ರ, ಮೊದಲಿನ ಗೋಡಿ ಸರೀನ ಇತ್ತ್ರಿ. ಯಮನಪ್ಪಂದು ತಪ್ಪಿಲ್ಲ, ತಪ್ಪು ನಂದು." ಗೌಡರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಹಂಗ ಅನಬ್ಯಾಡ್ರಿ ಸಾಬ್ರ! ಇಡೀ ಹೊನವಾಡದಾಗ ಮಷೀನಿಗೆ ತಕ್ಕ ಗೋಡಿ ಇರೂದು ನಂದೊಂದ. ಬೀಗರು ಬಂದು ನೋಡಿ ಹೋಗ್ಯಾರ. ಯಮನಪ್ಪಗೂ ಹೇಳೇನಿ, ಇನ್ನ ಮ್ಯಾಲ ಊರ ಗೋಡಿ ಎಲ್ಲಾ ನೀನ ಕಟ್ಟಬೇಕಂತ." ನಿಜ ಹೇಳಲು ಹೋದವನು ಚಹಾ ಕುಡಿದು ವಾಪಸ್ ಬಂದೆ.

ಗೌಡರು ಸುಮ್ಮನೆ ಕೂರಲಿಲ್ಲ. ಮಷೀನು ಸುಳ್ಳು ಹೇಳುವುದಿಲ್ಲ, ಗೋಡೆಯ ಗುಟ್ಟನ್ನೂ ಬಿಡುವುದಿಲ್ಲ ಎಂಬ ಸುದ್ದಿ ದ್ರಾಕ್ಷಿಯ ಲಾರಿಗಳಿಗಿಂತ ಬೇಗ ಊರೂರು ಸುತ್ತಿತು. ತೊರವಿಯಿಂದ ಒಬ್ಬರು ಬಂದು, ತಮ್ಮ ಹೊಲದ ಬದುವಿಗೆ ಆ ಕೆಂಪು ಗೆರೆ ಒಂದು ಸಲ ಬಿಟ್ಟು ತೋರಿಸಬೇಕೆಂದು ಕೇಳಿದರು. ಅದು ಅಷ್ಟು ದೂರ ಹೋಗುವುದಿಲ್ಲ ಅಂದರೆ, ನಡೆದುಕೊಂಡು ಮುಂದೆ ಮುಂದೆ ಇಡೋಣ ಅಂದರು. ಅವರನ್ನು ಕಳಿಸುವಷ್ಟರಲ್ಲಿ ಬಬಲೇಶ್ವರದಿಂದ ಒಂದು ಟಂಟಂ ಗಾಡಿ ಶೆಡ್ಡಿನ ಮುಂದೆ ನಿಂತಿತು. ಅದರಲ್ಲಿ ಒಂದು ದೊಡ್ಡ ಮಂಚ, ಮಂಚದ ಎರಡು ತುದಿಗೆ ಇಬ್ಬರು ಅಣ್ಣತಮ್ಮಂದಿರು, ಇಬ್ಬರ ಹಿಂದೆಯೂ ಸಾಕ್ಷಿಗೆ ಬಂದ ನೆಂಟರು.

ಅಣ್ಣ ಬಸಗೊಂಡ, ತಮ್ಮ ಮಲಗೊಂಡ. ಮನೆ ಪಾಲಾಗಿತ್ತು, ದನಗಳು ಪಾಲಾಗಿದ್ದವು, ಅಜ್ಜನ ಮಂಚವೊಂದೇ ಉಳಿದಿತ್ತು. ಇಬ್ಬರೂ ಅದನ್ನು ಬಿಟ್ಟುಕೊಡರು. ಬಸಗೊಂಡ ವಿಷಯ ಹೇಳಿದ: "ಸಾಬ್ರ, ನಟ್ಟನಡುವ ಕೊಯ್ದು ಕೊಡ್ರಿ. ಮನಷ್ಯಾ ಕೊಯ್ದರ ಒಬ್ಬರ ಕಡೆ ಹೊಂದತಾನ. ಮಷೀನ್ ಕೊಯ್ದರ ನಮಗಿಬ್ಬರಿಗೂ ಒಪ್ಪಿಗಿ."

"ಅರ್ಧ ಮಂಚದ ಮ್ಯಾಲ ಹ್ಯಾಂಗ ಮಲಗತೀರಿ?" ಎಂದು ನಾನು ಕೇಳಿದೆ.

"ಅದು ಆಮ್ಯಾಲಿನ ಮಾತು" ಎಂದ ಮಲಗೊಂಡ.

ಮೌನೇಶಪ್ಪ ಮಂಚದ ಮೇಲೆ ಅಂಗೈ ಆಡಿಸಿ ಏಳು ಹಳೆಯ ಮೊಳೆ ಹುಡುಕಿ ಕಿತ್ತ. ಪಕ್ಕದ ತೊಲೆಗಳನ್ನು ಬಿಚ್ಚಿ, ಅಳೆದು, ನಟ್ಟನಡುವೆ ಗುರುತು ಹಾಕಿ ಮಷೀನಿಗೆ ಇಟ್ಟೆವು. ಕೆಂಪು ಗೆರೆ ಬಿತ್ತು. ಎರಡೂ ಕಡೆಯ ನೆಂಟರು ಬಗ್ಗಿ ನೋಡಿ ತಲೆಯಾಡಿಸಿದರು. ನಾನು ಬ್ಲೇಡು ಇಳಿಸಬೇಕು, ಅಷ್ಟರಲ್ಲಿ ಮಲಗೊಂಡ ಕೈ ಅಡ್ಡ ಮಾಡಿದ.

"ತಡೀರಿ. ಬ್ಲೇಡಿನ ದಪ್ಪ ಎಷ್ಟು?"

"ಒಂದು ನೂಲು."

"ಆ ಒಂದು ನೂಲು ಯಾರ ಪಾಲಿಂದು ಹೋಗತೈತಿ?"

ನನ್ನ ಇಡೀ ಆಯುಷ್ಯದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಗರಗಸ ಕೊಯ್ದಾಗ ಅದರ ದಪ್ಪದಷ್ಟು ಕಟ್ಟಿಗೆ ಹೊಟ್ಟಾಗಿ ಉದುರುತ್ತದೆ. ಅದು ಗರಗಸ ತಿಂದದ್ದು ಅಂತ ನಾವು ಬಿಟ್ಟುಬಿಡುತ್ತೇವೆ. ನೆಂಟರಲ್ಲಿ ಜಗಳ ಶುರುವಾಯಿತು. ಅರ್ಧ ನೂಲು ಆಚೆ, ಅರ್ಧ ನೂಲು ಈಚೆ ಬರುವಂತೆ ಗೆರೆಯ ಮೇಲೆ ಗೆರೆ ಕೂಡಿಸಿದೆವು. ಆದರೂ ಬಸಗೊಂಡನಿಗೆ ಸಮಾಧಾನವಿಲ್ಲ. "ಹೋಗೂದು ಸರಿಸಮ ಹೋಗ್ಲಿ. ಆದ್ರ ಉದುರಿದ್ದು ನಿಮ್ಮ ಶೆಡ್ಡಿನಾಗ ಯಾಕ ಉಳೀಬೇಕು? ಅದೂ ಅಜ್ಜಂದ."

ಕೊನೆಗೆ ಮಷೀನಿನ ಕೆಳಗೆ ಬಿಳಿ ಧೋತರ ಹಾಸಿ ಕೊಯ್ದೆ. ಉದುರಿದ ಹೊಟ್ಟನ್ನು ಗಂಟು ಕಟ್ಟಿಕೊಂಡು ಎಲ್ಲರೂ ಮೆರವಣಿಗೆಯಂತೆ ಪಕ್ಕದ ಅಕ್ಕಸಾಲಿಗನ ಅಂಗಡಿಗೆ ಹೋದೆವು. ಅಷ್ಟು ಹಗುರದ್ದನ್ನು ತೂಗುವ ತಕ್ಕಡಿ ಇರುವುದು ಅವನ ಬಳಿ ಮಾತ್ರ. ಅವನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಗೆ ಹೊಟ್ಟು ಸುರಿಯುತ್ತ, "ಏನ್ರಿ ಇದು?" ಎಂದು ಕೇಳಿದ.

"ನಮ್ಮಜ್ಜನ ಮಂಚ" ಎಂದರು ಅಣ್ಣತಮ್ಮಂದಿರು ಒಟ್ಟಿಗೆ. ಪಾಲಾದ ಮೇಲೆ ಅವರು ಒಂದೇ ಮಾತು ಆಡಿದ್ದು ಅದೇ ಮೊದಲಂತೆ. ಎರಡು ಗುಲಾಬಿ ಕಾಗದದ ಪೊಟ್ಟಣ ಕಟ್ಟಿಸಿಕೊಂಡು, ತಲೆಕಡೆಯ ಅರ್ಧ ಅಣ್ಣ, ಕಾಲಕಡೆಯ ಅರ್ಧ ತಮ್ಮ ಹೊತ್ತು ಹೋದರು.

ನಾಲ್ಕು ದಿನಕ್ಕೆ ಇಬ್ಬರೂ ಮತ್ತೆ ಬಂದರು, ಬೇರೆ ಬೇರೆ ಗಾಡಿಯಲ್ಲಿ. ಎರಡು ಕಾಲಿನ ಮಂಚ ನಿಲ್ಲುವುದಿಲ್ಲವೆಂದು ಅವರಿಗೆ ಮನೆಗೆ ಹೋದ ಮೇಲೆ ಹೊಳೆದಿತ್ತು. ಬಸಗೊಂಡ ಗೋಡೆಗೆ ಆನಿಸಿ ಮಲಗಿ ಕೆಳಗೆ ಜಾರಿದ್ದ. ಮಲಗೊಂಡ ಕಲ್ಲು ಇಟ್ಟು ನೋಡಿದ್ದ, ಕಲ್ಲೂ ಜಾರಿತ್ತು. ಮೌನೇಶಪ್ಪ ಕೂತು ಎರಡೆರಡು ಹೊಸ ಕಾಲು ಮಾಡಿಕೊಟ್ಟ. ಮೂರು ಅಡಿಯ ಮಂಚದ ಮೇಲೆ ಮಲಗಲು ಬರುವುದಿಲ್ಲ, ಹಾಗಾಗಿ ಈಗ ಪಡಸಾಲೆಯ ಈಚೆಗೊಂದು ಆಚೆಗೊಂದು ಹಾಕಿಕೊಂಡು ಕೂಡುತ್ತಾರಂತೆ. ಎದುರುಬದುರು ಕೂತ ಮೇಲೆ ಎಷ್ಟು ದಿನ ಸುಮ್ಮನಿರಲು ಆಗುತ್ತದೆ? ಮೊದಲು ಮಳೆಯ ಬಗ್ಗೆ, ಆಮೇಲೆ ಎತ್ತಿನ ಬಗ್ಗೆ ಮಾತು ಶುರುವಾಯಿತಂತೆ.

ಇಪ್ಪತ್ತೊಂಬತ್ತನೆಯ ದಿನ ಸಂಜೆ ಮೌನೇಶಪ್ಪ ಹಲ್ಲು ಎಣಿಸಿ, ಗೋಡೆಗೆ "ಎಂಬತ್ತ" ಎಂದು ಬರೆದು, ಬೆಂಚಿನ ಮೇಲೆ ಕೂತ. "ಮಕ್ತುಮಾ, ಈ ಮಷೀನ್ ಬಂದ ಮ್ಯಾಲ ಏನ ಮಾಡೇವಿ ಹೇಳು. ಒಂದು ನೆಟ್ಟಗಿನ ಗೋಡಿ ಕೆಡವೇವಿ. ಒಂದು ಚಲೋ ಮಂಚ ಮುರದೇವಿ. ಹೊಟ್ಟ ತೂಗೇವಿ. ನಾಳೆ ಕೊಟ್ಟು ಬರೂಣೇನು?"

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನಿಜವಾದ ಕಾರಣ ನನ್ನ ಜೇಬಿನೊಳಗೆ ನಡುಗುತ್ತ ಕೂತಿತ್ತು. ಬಲಗೈಯನ್ನು ನಾನು ಆಗ ಯಾವಾಗಲೂ ಜೇಬಿನಲ್ಲೇ ಇಡುತ್ತಿದ್ದೆ. "ಕೊಟ್ಟು ಬರೂಣು" ಎಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ಮನೆಗೆ ಹೋಗಿ ಜೈತುನ್‌ಗೆ, ನಾಳೆಯಿಂದ ಬೆಳಿಗ್ಗೆ ಬೇಗ ಏಳಿಸಬೇಡ ಅಂದೆ. ಅವಳು ಚಹಾವನ್ನು ಕಪ್ಪಿನ ಬದಲು ಲೋಟದಲ್ಲಿ ಕೊಟ್ಟಳು. ಲೋಟ ಸದ್ದು ಮಾಡುವುದಿಲ್ಲ.

ಮೂವತ್ತನೆಯ ದಿನ ನಾನು ಶೆಡ್ಡಿಗೆ ಬಂದಾಗ ಮಷೀನಿನ ಡಬ್ಬಿ ಬಾಗಿಲಲ್ಲಿ ಸಿದ್ಧವಿತ್ತು. ಮೌನೇಶಪ್ಪ ಯಾವುದೋ ಹಳೆಯ ಬಾಗಿಲಿನ ಹಲಗೆ ಹಿಡಿದು ನಿಂತಿದ್ದ. "ಮನ್ಯಾಗ ಕೂಡಾಕ ಒಂದು ಮಣಿ ಬೇಕಂದಾಳ. ಹೋಗೂ ಮುಂಚೆ ಇದರಾಗ ಒಂದು ಕೊಯ್ದು ನೋಡತೇನಿ. ನಾನೂ ಒಮ್ಮೆ ಮುಟ್ಟಬೇಕಲ್ಲ."

ಮೂವತ್ತು ದಿನದಲ್ಲಿ ಅವನು ಬ್ಲೇಡು ಇಳಿಸಲು ನಿಂತದ್ದು ಅದೇ ಮೊದಲು. ಹಲಗೆಯ ಮೇಲೆ ಅಂಗೈ ಆಡಿಸಿದ, ಎಂದಿನಂತೆ ಕಣ್ಣು ಮುಚ್ಚಿ. ಒಂದು ಕಡೆ ಕೈ ನಿಂತಿತು. ಸೀಮೆಸುಣ್ಣಕ್ಕೆ ಕೈ ಹಾಕಲಿಲ್ಲ. ಹಲಗೆಯನ್ನು ಸರಿಸಿ ಸರಿಸಿ ಕೆಂಪು ಗೆರೆಗೆ ಹೊಂದಿಸಿದ. ಆಮೇಲೆ ಗೋಡೆಯ ಮೊಳೆಯಿಂದ ಎತ್ತು ಬೆದರಿಸುವ ಆ ಕನ್ನಡಕ ತೆಗೆದು ಹಾಕಿಕೊಂಡ. ನನಗೆ ನಗು ಬಂತು. "ನೀ ಅತ್ತ ಸರಿ. ಇನ್ನೂ ಅತ್ತ. ಬಾಗಲ ಹೊರಗ ನಿಲ್ಲು" ಎಂದ.

ಬ್ಲೇಡು ಇಳಿಯಿತು. ಟಣ್ ಎಂದು ಸದ್ದಾಯಿತು, ಏನೋ ಒಂದು ಹಾರಿ ತಗಡಿಗೆ ಬಡಿಯಿತು. ಮೌನೇಶಪ್ಪ ಮಷೀನು ನಿಲ್ಲಿಸಿ, ಕನ್ನಡಕ ಹಣೆಗೆ ಏರಿಸಿ, ಹಲಗೆ ನೋಡಿದ.

"ಅಯ್ಯ, ಮೊಳಿ ಇತ್ತ ನೋಡು. ಕಾಣಲಿಲ್ಲ."

ಅವನು ಸೀಮೆಸುಣ್ಣ ಹಚ್ಚಿ ಹಲ್ಲು ಎಣಿಸಿ ಗೋಡೆಗೆ ಬರೆದ: ಎಪ್ಪತ್ತೊಂಬತ್ತು. ಅಂಗಡಿಯ ಹುಡುಗನಿಗೆ ಫೋನು ಮಾಡಿ, "ಮುರೀತಪಾ, ಏನ ಮಾಡೂದು, ವಯಸ್ಸಾತು, ಕೈ ಸೂಕ್ಷ್ಮ ಉಳದಿಲ್ಲ" ಎಂದು ತನ್ನನ್ನು ತಾನೇ ಬೈದುಕೊಂಡ. ಮಾತು ಕೊಟ್ಟ ಹಾಗೆ ಮಷೀನು ನಮ್ಮದಾಯಿತು. ಡಬ್ಬಿಯಲ್ಲಿ ಅಕ್ಕಸಾಲಿಗನ ಬೆಕ್ಕು ಮರಿ ಹಾಕಿತು.

ಹೊಸ ಬ್ಲೇಡು ಹಾಕಿಸಿ ಆ ಮಷೀನಿನ ಮೇಲೆ ನಾನು ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದೆ. ಕೊಯ್ಯುವುದು ನಾನು, ಪ್ರತಿ ಸಲ ಹಿಡಿಕೆ ಬಿಗಿಯುವುದು ಅವನು. ಯಾರೂ ಹೀಗೆಂದು ಗೊತ್ತು ಮಾಡಿದ್ದಲ್ಲ. ನಾನು ತಟ್ಟೆ ತಿರುಗಿಸಿದರೆ ಅವನು ಎಲ್ಲಿದ್ದರೂ ಬಂದು ಒಂದು ಸುತ್ತು ಬಿಗಿದು ಹೋಗುತ್ತಿದ್ದ. ಹಾಗಾದರೆ ಇಂಥ ದುಬಾರಿ ಮಷೀನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಕೇಳುವ ಹುಡುಗರಿಗೆ ನನ್ನ ಉತ್ತರ ಇಷ್ಟೇ: ಮೊದಲು ಹಿಡಿಕೆ ಬಿಗಿಯುವವರು ಯಾರಿದ್ದಾರೆ ನೋಡಿಕೊಳ್ಳಿ.

ಕಳೆದ ವರ್ಷ ಕೈ ಪೂರ್ತಿ ಕೇಳದಾದಾಗ ನಾನೇ ನಿಲ್ಲಿಸಿದೆ. ಕೊನೆಯ ದಿನ ಶೆಡ್ಡಿನ ಬೆಂಚಿನ ಮೇಲೆ ಇಬ್ಬರೂ ಚಹಾ ಕುಡಿಯುತ್ತ ಕೂತಿದ್ದೆವು. ನನ್ನ ಕಪ್ಪು ಬಸಿ ಟಕಟಕ ಅನ್ನುತ್ತಿದ್ದವು, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಗೋಡೆಯ ಮೇಲೆ ಎಂಬತ್ತು, ಎಂಬತ್ತು, ಎಂಬತ್ತು, ಎಪ್ಪತ್ತೊಂಬತ್ತು ಇನ್ನೂ ಅಳಿಸಿರಲಿಲ್ಲ.

"ಮೌನೇಶಾ, ಆ ಹಲಗ್ಯಾಗ ಮೊಳಿ ಇದ್ದದ್ದು ನಿನಗ ಗೊತ್ತಿತ್ತು."

ಅವನು ನನ್ನ ಕೈಯಿಂದ ಕಪ್ಪು ಬಸಿ ತೆಗೆದು, ಬಸಿಗೆ ಚಹಾ ಸುರಿದು, ಎರಡೂ ಕೈಯಲ್ಲಿ ಹಿಡಿದು ನನ್ನ ತುಟಿಯ ಹತ್ತಿರ ತಂದ.

"ಬೆಣಿ ಬಡದಿದ್ದೆ. ನೀ ಬಾಯಿ ಮುಚ್ಚಲೇ" ಎಂದ.

ಚಹಾ ಕುಡಿದೆ, ಬಾಯಿ ಮುಚ್ಚಿದೆ. ಒಂದು ವರ್ಷ ಮುಚ್ಚಿಯೇ ಇದ್ದೆ. ಇವತ್ತು ನಿಮಗಾಗಿ ಬರೆದಿದ್ದೇನೆ. ಇಷ್ಟು ವರ್ಷದಲ್ಲಿ ಉಸ್ತಾದರ ಮಾತು ಮೀರಿದ್ದರಲ್ಲಿ ನನಗೆ ನಾಚಿಕೆಯಾಗದ್ದು ಇದೊಂದೇ.